ಸೋಲು ಖಚಿತವಿದ್ದ ಕಡೆ ದೇಣಿಗೆ ಕೊಡಬೇಕೆ?

2023ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಯ ಆರ್. ಅಶೋಕ ಎರಡು ಕಡೆ ನಿಂತಿದ್ದರು. ಒಂದು ಅವರದೇ ಪದ್ಮನಾಭನಗರ, ಇನ್ನೊಂದು ಕಾಂಗ್ರೆಸ್ಸಿನ ಡಿ.ಕೆ. ಶಿವಕುಮಾರ್ ಅವರ ಕನಕಪುರ. ಮೇ 13ರಂದು ಎಣಿಕೆ ಮುಗಿದಾಗ ಪದ್ಮನಾಭನಗರ ಅವರ ಕೈಹಿಡಿದಿತ್ತು. ಕನಕಪುರದಲ್ಲಿ 20 ಸಾವಿರ ಮತವೂ ದಕ್ಕದೆ, ಮೂರನೇ ಸ್ಥಾನಕ್ಕಿಳಿದು, ಠೇವಣಿ ಕಳೆದುಕೊಂಡಿದ್ದರು. ಶಿವಕುಮಾರ್ ಗೆದ್ದದ್ದು 1.22 ಲಕ್ಷ ಮತಗಳ ಅಂತರದಿಂದ. ಒಬ್ಬರೇ ಅಭ್ಯರ್ಥಿ, ಒಂದೇ ಪಕ್ಷ, ಒಂದೇ ಚುನಾವಣೆ. ಎರಡು ಫಲಿತಾಂಶಗಳ ನಡುವೆ ಇದ್ದದ್ದು ಒಂದು ರಸ್ತೆ.

ಆ ಕನಕಪುರ ರಸ್ತೆಯ ಮೇಲೆಯೇ ಇರುವ ತಲಘಟ್ಟಪುರದಲ್ಲಿ ನಿಂತು ನೋಡಿದರೆ ದೇಣಿಗೆಯ ಪ್ರಶ್ನೆ ಸ್ಪಷ್ಟವಾಗಿ ಕಾಣುತ್ತದೆ. 2021ರ ಜನವರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಇಲ್ಲಿಗೆ ಬಂದ ಮೇಲೆ ಜಯನಗರ, ಬನಶಂಕರಿಗಳು ಹತ್ತಿರವಾಗಿವೆ. ಆದರೆ ಬನಶಂಕರಿಯಿಂದ ರೈಲು ಹತ್ತಿ ಇಲ್ಲಿ ಇಳಿಯುವಷ್ಟರಲ್ಲಿ ಲೋಕಸಭಾ ಕ್ಷೇತ್ರವೇ ಬದಲಾಗಿರುತ್ತದೆ. ದಕ್ಷಿಣ ಬೆಂಗಳೂರಿಗರು ಎಂದು ಹೇಳಿಕೊಳ್ಳುವ ಇಲ್ಲಿನವರು ಬೆಂಗಳೂರು ದಕ್ಷಿಣದ ಸಂಸದರನ್ನು ಆರಿಸುವುದಿಲ್ಲ. ಮತ ಕ್ಷೇತ್ರದ ಗಡಿ ದಾಟದು, ಹಣ ದಾಟುತ್ತದೆ. ತಲಘಟ್ಟಪುರದ ಮನೆಯಿಂದ ಜಯನಗರದ ಅಭ್ಯರ್ಥಿಗೆ, ಮೇಲುಕೋಟೆಯ ಅಭ್ಯರ್ಥಿಗೆ, ಹುಟ್ಟೂರಿನ ಅಭ್ಯರ್ಥಿಗೆ ಫೋನಿನಲ್ಲೇ ದುಡ್ಡು ಕಳಿಸಬಹುದು. ಚುನಾವಣೆ ಬಂದಾಗಲೆಲ್ಲ ಅಂಥ ಕೋರಿಕೆಗಳೂ ಬರುತ್ತವೆ: ಅಭ್ಯರ್ಥಿ ಒಳ್ಳೆಯವರು, ಕ್ಷೇತ್ರ ಎದುರಾಳಿಯ ಭದ್ರಕೋಟೆ, ನಿಮ್ಮ ಕೈಲಾದಷ್ಟು ಕೊಡಿ.

ಕೊಡಬೇಕೆ? ಗೆಲ್ಲುವ ಸಾಧ್ಯತೆ ತೀರಾ ಕಡಿಮೆ ಇರುವಲ್ಲಿ ಕೊಟ್ಟ ಹಣ ವ್ಯರ್ಥವೇ, ಬಿತ್ತನೆಯೇ? ಕರ್ನಾಟಕದ ಚುನಾವಣೆಗಳಲ್ಲಿ ಎರಡಕ್ಕೂ ಸಾಕ್ಷ್ಯವಿದೆ.

ಯಾವುದು ಭದ್ರಕೋಟೆ?

ಮೊದಲು ಭದ್ರಕೋಟೆ ಎಂಬುದನ್ನು ಅಳೆಯಬೇಕು. ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರ 1977ರಲ್ಲಿ ಜನತಾ ಪಕ್ಷದ ಕೆ.ಎಸ್. ಹೆಗ್ಡೆಯವರನ್ನು ಆರಿಸಿತು. ಆಮೇಲೆ ಟಿ.ಆರ್. ಶಾಮಣ್ಣ. ಇಂದಿರಾ ಹತ್ಯೆಯ ನಂತರ ರಾಜ್ಯವೆಲ್ಲ ಕಾಂಗ್ರೆಸ್ ಅಲೆಯಲ್ಲಿ ತೇಲಿದ 1984ರಲ್ಲೂ ಇಲ್ಲಿ ಗೆದ್ದವರು ಜನತಾ ಪಕ್ಷದ ವಿ.ಎಸ್. ಕೃಷ್ಣ ಅಯ್ಯರ್. 1989ರಲ್ಲಿ ಆರ್. ಗುಂಡೂರಾವ್ ಕಾಂಗ್ರೆಸ್ಸಿನಿಂದ ಗೆದ್ದದ್ದೊಂದೇ ಅಪವಾದ. 1991ರಲ್ಲಿ ಕೆ. ವೆಂಕಟಗಿರಿಗೌಡ, 1996ರಿಂದ 2014ರವರೆಗೆ ಆರು ಸಲ ಅನಂತಕುಮಾರ್, 2019 ಮತ್ತು 2024ರಲ್ಲಿ ತೇಜಸ್ವಿ ಸೂರ್ಯ: ಮೂರು ದಶಕ ದಾಟಿದರೂ ಬಿಜೆಪಿ ಇಲ್ಲಿ ಸೋತಿಲ್ಲ. ಕಾಂಗ್ರೆಸ್ಸಿಗೆ ಇದಕ್ಕಿಂತ ಪ್ರತಿಕೂಲವಾದ ನಗರ ಕ್ಷೇತ್ರ ರಾಜ್ಯದಲ್ಲಿ ಹುಡುಕುವುದು ಕಷ್ಟ.

ಇದೇ ನೆಲದ ವಿಧಾನಸಭಾ ಕ್ಷೇತ್ರಗಳಿಗೆ ಬಂದರೆ ಚಿತ್ರವೇ ಬೇರೆ. ಬಿಟಿಎಂ ಲೇಔಟ್‌ನಲ್ಲಿ 2008ರಿಂದ ನಾಲ್ಕು ಸಲವೂ ಗೆದ್ದವರು ಕಾಂಗ್ರೆಸ್ಸಿನ ರಾಮಲಿಂಗಾರೆಡ್ಡಿ. ಅಲ್ಲಿ ಬಿಜೆಪಿಯೇ ಪರದೇಶಿ. ಪಕ್ಕದ ಬಸವನಗುಡಿ, ಪದ್ಮನಾಭನಗರಗಳಲ್ಲಿ ಅದೇ 2008ರಿಂದ ಬಿಜೆಪಿ ಅಲುಗಾಡಿಲ್ಲ. ನಡುವಿನ ಜಯನಗರ ಮಾತ್ರ ತೂಗುಯ್ಯಾಲೆ. 2018ರಲ್ಲಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ 2,889 ಮತಗಳಿಂದ ಗೆದ್ದರು. 2023ರಲ್ಲಿ ಮರು ಎಣಿಕೆಯ ನಂತರ ಬಿಜೆಪಿಯ ಸಿ.ಕೆ. ರಾಮಮೂರ್ತಿ ಗೆದ್ದದ್ದು 16 ಮತಗಳಿಂದ. ಮರುವರ್ಷ ಅದೇ ಸೌಮ್ಯಾ ರೆಡ್ಡಿ ಲೋಕಸಭೆಗೆ ನಿಂತು ಸೋತ ಅಂತರ 2.77 ಲಕ್ಷ.

ಹಾಗಾಗಿ 'ಅಲ್ಲಿ ನಮ್ಮವರು ಗೆಲ್ಲುವುದಿಲ್ಲ' ಎಂಬ ಮಾತು ಯಾವ ಚುನಾವಣೆಯ ಬಗ್ಗೆ ಎಂದು ಕೇಳದೆ ಒಪ್ಪಬಾರದು. ಒಂದೇ ಬೀದಿಯ ಮತದಾರ ಲೋಕಸಭೆಗೆ ಒಂದು ರೀತಿ, ವಿಧಾನಸಭೆಗೆ ಇನ್ನೊಂದು ರೀತಿ, ವಾರ್ಡಿಗೆ ಮತ್ತೊಂದು ರೀತಿ ಯೋಚಿಸುತ್ತಾನೆ. ಇದು ಯಾವುದೋ ಒಂದು ಪಕ್ಷದ ಬೆಂಬಲಿಗರ ಪ್ರಶ್ನೆಯೂ ಅಲ್ಲ. ಬಿಟಿಎಂ ಲೇಔಟಿನ ಬಿಜೆಪಿ ಬೆಂಬಲಿಗ, ಬಸವನಗುಡಿಯ ಕಾಂಗ್ರೆಸ್ ಬೆಂಬಲಿಗ, ಎಲ್ಲೆಡೆಯೂ ಸೋಲುವ ಸಣ್ಣ ಪಕ್ಷದ ಬೆಂಬಲಿಗ, ಮೂವರೂ ಎದುರಿಸುವ ಪ್ರಶ್ನೆ ಇದು.

ಬೇಡ ಎನ್ನುವವರ ಸಾಕ್ಷ್ಯ

ಬೇಡ ಎನ್ನುವವರಿಗೆ ಬಲವಾದ ಸಾಕ್ಷ್ಯ ಒದಗಿಸುವುದೂ ಬೆಂಗಳೂರು ದಕ್ಷಿಣವೇ. 2009ರಲ್ಲಿ ಕೃಷ್ಣ ಬೈರೇಗೌಡರು ಇಲ್ಲಿ ಅನಂತಕುಮಾರ್ ಎದುರು ಸೋತದ್ದು 37,612 ಮತಗಳಿಂದ. ಭದ್ರಕೋಟೆ ಬಿರುಕು ಬಿಟ್ಟಿದೆ ಎಂದು ಆಗ ಅನೇಕರಿಗೆ ಅನಿಸಿದ್ದು ಸಹಜ. ಐದು ವರ್ಷದ ನಂತರ ಕಾಂಗ್ರೆಸ್ ಕಣಕ್ಕಿಳಿಸಿದ್ದು ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ, ಆಧಾರ್ ಯೋಜನೆ ಕಟ್ಟಿದ ನಂದನ್ ನಿಲೇಕಣಿಯವರನ್ನು. ಪತ್ನಿಯ ಆಸ್ತಿಯೂ ಸೇರಿ ಅವರು ಘೋಷಿಸಿಕೊಂಡದ್ದು ಸುಮಾರು 7,700 ಕೋಟಿ ರೂಪಾಯಿ. ಹಣ, ಹೆಸರು, ಉತ್ಸಾಹದ ಕಾರ್ಯಕರ್ತರು ಯಾವುದಕ್ಕೂ ಕೊರತೆ ಇರಲಿಲ್ಲ. ಅವರು ಸೋತ ಅಂತರ 2,28,575. ಸಂಪನ್ಮೂಲ ಹೆಚ್ಚಿತು, ಅಂತರ ಆರು ಪಟ್ಟಾಯಿತು. ದೇಶದಲ್ಲಿ ಎದ್ದಿದ್ದ ಮೋದಿ ಅಲೆಯ ಮುಂದೆ ಸ್ಥಳೀಯ ಖರ್ಚು ಲೆಕ್ಕಕ್ಕೇ ಬರಲಿಲ್ಲ.

ಪಕ್ಷದ ಬಲವಿಲ್ಲದವರ ಪಾಡು ಇನ್ನೂ ಕಷ್ಟ. ಏರ್ ಡೆಕ್ಕನ್ ಕಟ್ಟಿ ಮನೆಮಾತಾಗಿದ್ದ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ಇಲ್ಲೇ ಪಕ್ಷೇತರರಾಗಿ ನಿಂತು ಠೇವಣಿ ಉಳಿಸಿಕೊಳ್ಳಲಾಗಲಿಲ್ಲ. 2019ರಲ್ಲಿ ಬೆಂಗಳೂರು ಸೆಂಟ್ರಲ್‌ನಲ್ಲಿ ನಟ ಪ್ರಕಾಶ್ ರಾಜ್ ಅವರಿಗೂ ಅದೇ ಆಯಿತು. ಅದೇ ವರ್ಷ ಬಿಹಾರದ ಬೇಗುಸರಾಯ್‌ನಲ್ಲಿ ಕನ್ಹಯ್ಯಾ ಕುಮಾರ್ ಜನರಿಂದಲೇ 70 ಲಕ್ಷ ರೂಪಾಯಿ ಎತ್ತಿದರು. ಅಂದಿನ ವೆಚ್ಚ ಮಿತಿ ಎಷ್ಟೋ ಅಷ್ಟೂ ಸಾಮಾನ್ಯರ ದೇಣಿಗೆಯಿಂದಲೇ ಬಂತು. ಸೋಲಿನ ಅಂತರ ನಾಲ್ಕು ಲಕ್ಷ ದಾಟಿತು.

ದೇಣಿಗೆಯ ರಾಜಕಾರಣ ಬೃಹತ್ತಾಗಿ ಬೆಳೆದಿರುವ ಅಮೆರಿಕದಲ್ಲಿ ಪಾಠ ಇನ್ನಷ್ಟು ಕಟು. 2020ರ ಸೆನೆಟ್ ಚುನಾವಣೆಯಲ್ಲಿ ಕೆಂಟಕಿಯ ಏಮಿ ಮೆಕ್‌ಗ್ರಾತ್ ಅವರಿಗೆ ದೇಶದೆಲ್ಲೆಡೆಯಿಂದ 9 ಕೋಟಿ ಡಾಲರ್‌ಗೂ ಹೆಚ್ಚು ಹರಿದುಬಂತು, ಸೌತ್ ಕೆರೊಲಿನಾದ ಜೇಮಿ ಹ್ಯಾರಿಸನ್ ಅವರಿಗೆ 13 ಕೋಟಿಯಷ್ಟು. ಕೊಟ್ಟವರಲ್ಲಿ ಬಹುಮಂದಿಗೆ ಅಭ್ಯರ್ಥಿಯ ಮೇಲಿನ ನಂಬಿಕೆಗಿಂತ ಎದುರಾಳಿಗಳಾದ ಮಿಚ್ ಮೆಕಾನೆಲ್, ಲಿಂಡ್ಸೆ ಗ್ರಹಾಂ ಮೇಲಿನ ಕೋಪವೇ ದೊಡ್ಡದಿತ್ತು. ಇಬ್ಬರೂ ಸೋತರು, ಮೆಕ್‌ಗ್ರಾತ್ ಅಂತೂ ಶೇ 20ರ ಆಸುಪಾಸಿನ ಅಂತರದಲ್ಲಿ. ಅದೇ ಹಣದ ಒಂದು ಪಾಲು ಸಣ್ಣ ಚುನಾವಣೆಗಳಿಗೆ ಹೋಗಿದ್ದರೆ ಎಷ್ಟೋ ಸ್ಥಾನಗಳಲ್ಲಿ ಕೆಲಸಕ್ಕೆ ಬರುತ್ತಿತ್ತು.

ಸಂಶೋಧನೆಯೂ ಇದೇ ದಿಕ್ಕಿಗೆ ಕೈತೋರಿಸುತ್ತದೆ. ರಾಜಕೀಯ ಶಾಸ್ತ್ರಜ್ಞರಾದ ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ 2018ರಲ್ಲಿ ಅಮೆರಿಕದ ಮತದಾರರ ನಡುವೆ ನಡೆದ 49 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ಪಕ್ಷದ ಗುರುತು ಗಟ್ಟಿಯಾಗಿರುವ ಸಾರ್ವತ್ರಿಕ ಚುನಾವಣೆಗಳಲ್ಲಿ ಪ್ರಚಾರದಿಂದ ಮತದಾರನ ಆಯ್ಕೆ ಬದಲಾಗುವುದು ಸರಾಸರಿಯಲ್ಲಿ ಸೊನ್ನೆಗೆ ಹತ್ತಿರ ಎಂಬುದು ಅವರ ನಿಷ್ಕರ್ಷೆ. ನಮ್ಮ ಸಮಾಜ ಬೇರೆ, ಅಳತೆಯೂ ಬೇರೆ ಇರಬಹುದು. ಆದರೂ ಕರಪತ್ರ, ಫಲಕ, ವಿಡಿಯೊಗಳು ಭದ್ರಕೋಟೆ ಕೆಡವುತ್ತವೆ ಎಂಬ ನಂಬಿಕೆಗೆ ಬೆಂಗಳೂರು ದಕ್ಷಿಣದ 2014ರ ಫಲಿತಾಂಶವೂ ಆಧಾರ ಕೊಡುವುದಿಲ್ಲ.

ಇನ್ನೊಂದು ಆಕ್ಷೇಪ ಮತ ಒಡೆಯುವುದರ ಬಗ್ಗೆ. 2018ರಲ್ಲಿ ಜಯನಗರದಲ್ಲಿ ಭ್ರಷ್ಟಾಚಾರ ವಿರೋಧಿ ಹೋರಾಟದ ರವಿಕೃಷ್ಣಾರೆಡ್ಡಿ ಪಕ್ಷೇತರರಾಗಿ ಪಡೆದದ್ದು 1,861 ಮತ. ಮೊದಲಿಬ್ಬರ ಅಂತರ 2,889. ಅಂದು ಅವರ ಮತಗಳು ಫಲಿತಾಂಶ ತಿರುಗಿಸುವಷ್ಟಿರಲಿಲ್ಲ. ಆದರೆ ಅಂತರ 16ಕ್ಕೆ ಇಳಿದಾಗ ಪ್ರತಿ ಸಣ್ಣ ಅಭ್ಯರ್ಥಿಯೂ ನಿರ್ಣಾಯಕ. 2023ರಲ್ಲಿ ನೋಟಾಕ್ಕೆ ಬಿದ್ದ ಮತಗಳೇ ಆ ಅಂತರದ ಎಷ್ಟೋ ಪಟ್ಟು. ಸಮಬಲದ ಕ್ಷೇತ್ರದಲ್ಲಿ ಮೂರನೆಯವರಿಗೆ ಕೊಡುವವರು ಈ ಪರಿಣಾಮಕ್ಕೂ ಸಿದ್ಧರಿರಬೇಕು. ಏಕಪಕ್ಷೀಯ ಕ್ಷೇತ್ರದಲ್ಲಿ ಈ ಭಯ ಬೇಕಿಲ್ಲ.

ಕೊಡಬೇಕು ಎನ್ನುವವರ ಸಾಕ್ಷ್ಯ

ಹಾಗಿದ್ದರೆ ಕೊಡುವುದು ದಂಡ ಎಂದು ತೀರ್ಮಾನಿಸಬೇಕೆ? ಇಂದು ಬೆಂಗಳೂರು ದಕ್ಷಿಣವನ್ನು ಭದ್ರಕೋಟೆ ಮಾಡಿಕೊಂಡಿರುವ ಪಕ್ಷದ ಚರಿತ್ರೆಯೇ ಹಾಗೆ ತೀರ್ಮಾನಿಸಲು ಬಿಡುವುದಿಲ್ಲ. ಬಿಜೆಪಿ ರಾಜ್ಯ ವಿಧಾನಸಭೆಯಲ್ಲಿ 1983ರಲ್ಲಿ 18 ಸ್ಥಾನ ಗೆದ್ದು, 1985ರಲ್ಲಿ ಎರಡಕ್ಕೆ ಕುಸಿಯಿತು. 1989ರಲ್ಲಿ ನಾಲ್ಕು. ಆಗ ಆ ಪಕ್ಷದ ಅಭ್ಯರ್ಥಿಗೆ ಹಣ ಕೊಟ್ಟವರು, ಓಡಾಡಿದವರು ಬಹುತೇಕ ಸೋಲಿಗೇ ಕೊಟ್ಟರು, ಸೋಲಿಗೇ ಓಡಾಡಿದರು. 1994ರಲ್ಲಿ ಸಂಖ್ಯೆ 40ಕ್ಕೇರಿತು, 2008ರಲ್ಲಿ 110 ತಲುಪಿ ಸರ್ಕಾರ ಬಂತು. ಆ ಬೆಳವಣಿಗೆಗೆ ಕಾರಣಗಳು ಹತ್ತಾರಿವೆ. ಆದರೆ ಸೋಲುವ ಕ್ಷೇತ್ರಗಳಲ್ಲೂ ಅಭ್ಯರ್ಥಿ ನಿಲ್ಲಿಸಿ, ಮತಗಟ್ಟೆಗೊಬ್ಬ ಏಜೆಂಟನನ್ನು ಕೂರಿಸಿ, ಪ್ರತಿ ಚುನಾವಣೆಯ ನಂತರವೂ ಊರಲ್ಲಿ ಉಳಿದವರಿಲ್ಲದಿದ್ದರೆ ಗಾಳಿ ಬಂದಾಗ ತೂರಿಕೊಳ್ಳುವುದು ಆಗುತ್ತಿರಲಿಲ್ಲ.

ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕನ್ನಡಿಗರು ಇದನ್ನು ಹತ್ತಿರದಿಂದ ನೋಡಿದ್ದಾರೆ. ಕೇರಳ ವಿಧಾನಸಭೆಯಲ್ಲಿ 2016ರವರೆಗೆ ಬಿಜೆಪಿಗೆ ಒಂದೂ ಸ್ಥಾನವಿರಲಿಲ್ಲ. ಆ ವರ್ಷ ಮಂಜೇಶ್ವರದಲ್ಲಿ ಅದರ ಅಭ್ಯರ್ಥಿ ಕೆ. ಸುರೇಂದ್ರನ್ ಸೋತದ್ದು 89 ಮತಗಳಿಂದ, 2021ರಲ್ಲಿ 745 ಮತಗಳಿಂದ. ಅಷ್ಟು ಹತ್ತಿರ ಬಂದದ್ದು ಆ ಒಂದು ಚುನಾವಣೆಯ ಖರ್ಚಿನಿಂದಲ್ಲ, ಹಿಂದಿನ ಸೋಲುಗಳಲ್ಲಿ ಕಟ್ಟಿದ ಸಂಘಟನೆಯಿಂದ. ಅಮೆರಿಕದ ಅಲಬಾಮಾದಲ್ಲಿ 2017ರ ಡಿಸೆಂಬರಿನಲ್ಲಿ ಡೆಮಾಕ್ರಟಿಕ್ ಪಕ್ಷದ ಡಗ್ ಜೋನ್ಸ್ 25 ವರ್ಷಗಳ ನಂತರ ಸೆನೆಟ್ ಸ್ಥಾನ ಗೆದ್ದದ್ದಕ್ಕೆ ಎದುರಾಳಿಯ ಮೇಲೆ ಬಂದ ಗಂಭೀರ ಆರೋಪಗಳು ಕಾರಣ. ಆದರೆ ಅಂಥ ಗಳಿಗೆಯಲ್ಲಿ ಕಣದಲ್ಲಿ ಒಬ್ಬ ಯೋಗ್ಯ ಅಭ್ಯರ್ಥಿ ಇದ್ದದ್ದಕ್ಕೇ ಫಲ ಸಿಕ್ಕಿತು. ಯಾರೂ ನಿಲ್ಲದ ಕ್ಷೇತ್ರದಲ್ಲಿ ಎದುರಾಳಿ ಎಡವಿದರೂ ಲಾಭ ಪಡೆಯುವವರು ಇರುವುದಿಲ್ಲ.

ಕನ್ನಡ ನಾಡಿನಲ್ಲಿ ಈ ವಾದಕ್ಕೆ ಇನ್ನೂ ಹಳೆಯ, ಇನ್ನೂ ಉದಾತ್ತವಾದ ಆಧಾರವಿದೆ. ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಮರುವರ್ಷವೇ ನಡೆದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷದಿಂದ ಸಾಗರ–ಹೊಸನಗರದಲ್ಲಿ ನಿಂತರು. ಎದುರಿಗೆ ಸ್ವಾತಂತ್ರ್ಯ ತಂದ ಪಕ್ಷದ ವರ್ಚಸ್ಸು, ಭೂಮಾಲೀಕರ ಬಲ. ಗೌಡರ ಬಳಿ ಹಣವಿರಲಿಲ್ಲ. ಗೇಣಿದಾರರ ನಂಬಿಕೆ ಇತ್ತು, ಅವರು ಗೆದ್ದರು. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಮತದ ಜೊತೆಗೆ ಒಂದು ನೋಟನ್ನೂ ಕೇಳುವ ಪದ್ಧತಿಯನ್ನು ಇಲ್ಲಿನ ಸಮಾಜವಾದಿಗಳೂ ಆಮೇಲೆ ರೈತ ಚಳವಳಿಯೂ ನೆಚ್ಚಿಕೊಂಡವು.

ಆ ಪರಂಪರೆಯ ಇತ್ತೀಚಿನ ರೂಪ ಮೇಲುಕೋಟೆ. ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಅಲ್ಲಿ ಗೆದ್ದರು. 2018ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಮೇಲೆ ನಿಂತ ಮಗ ದರ್ಶನ್ ಪುಟ್ಟಣ್ಣಯ್ಯ ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು ಎದುರು ಸೋತರು. ಅದೇ ಎದುರಾಳಿಯನ್ನು 2023ರಲ್ಲಿ ಕಾಂಗ್ರೆಸ್ ಬೆಂಬಲದೊಂದಿಗೆ ಮಣಿಸಿದರು. ಎರಡು ಚುನಾವಣೆಗಳ ನಡುವೆ ಬದಲಾಗದೆ ಉಳಿದದ್ದು ಊರೂರಿನ ರೈತ ಸಂಘದ ಹಸಿರು ಶಾಲು. ಸಂಘಟನೆ ಬೇರು ಬಿಟ್ಟಿದ್ದರಿಂದಲೇ ದೊಡ್ಡ ಪಕ್ಷಕ್ಕೆ ಹೊಂದಾಣಿಕೆ ಬೇಕೆನಿಸಿತು.

ಇದಕ್ಕಿಂತ ಆಳವಾದ ಇನ್ನೊಂದು ಕಾರಣವಿದೆ. 2023ರ ಚುನಾವಣೆಯ ಹೊತ್ತಿಗೆ ಕರ್ನಾಟಕದಲ್ಲಿ ವಶಪಡಿಸಿಕೊಂಡ ನಗದು, ಮದ್ಯ, ಉಡುಗೊರೆಗಳ ಮೌಲ್ಯ 375 ಕೋಟಿ ರೂಪಾಯಿ ಎಂದು ಚುನಾವಣಾ ಆಯೋಗ ಪ್ರಕಟಿಸಿತು. 2018ರಲ್ಲಿ ಅದು ಸುಮಾರು 84 ಕೋಟಿ ಇತ್ತು. ಸಿಕ್ಕಿಬಿದ್ದದ್ದೇ ಇಷ್ಟು. ಹೀಗೆ ಅಭ್ಯರ್ಥಿ ಕೊಡುವವನಾಗಿ, ಮತದಾರ ಪಡೆಯುವವನಾಗಿ ಉಳಿದಷ್ಟು ಕಾಲ ಗೆದ್ದವರನ್ನು ಪ್ರಶ್ನಿಸುವ ಬಾಯಿ ನಮಗಿರುವುದಿಲ್ಲ. ನೂರು ರೂಪಾಯಿ ಕೊಟ್ಟ ಮತದಾರ ಆ ಸಂಬಂಧವನ್ನೇ ತಿರುಗಿಸುತ್ತಾನೆ. ಅವನು ಲೆಕ್ಕ ಕೇಳಬಲ್ಲ. ಅಭ್ಯರ್ಥಿ ಸೋತರೂ ಅವನು ನಾಗರಿಕನಾಗಿ ಗೆದ್ದಿರುತ್ತಾನೆ.

ಗೆದ್ದ ಮೇಲಿನ ಪ್ರಶ್ನೆ

ದೇಣಿಗೆ ಕೊಡುವವರು ಸೋಲಿನ ಬಗ್ಗೆ ಯೋಚಿಸುತ್ತಾರೆ, ಗೆಲುವಿನ ನಂತರದ ಬಗ್ಗೆ ಯೋಚಿಸುವುದು ಕಡಿಮೆ. ಕೊಳ್ಳೇಗಾಲದಲ್ಲಿ ಎನ್. ಮಹೇಶ್ ಹಿಂದಿನ ಚುನಾವಣೆಗಳಲ್ಲಿ ಸೋತರೂ ಕ್ಷೇತ್ರ ಬಿಡದೆ ದುಡಿದು 2018ರಲ್ಲಿ ಬಿಎಸ್‌ಪಿಯಿಂದ ಗೆದ್ದರು. ಕರ್ನಾಟಕದಲ್ಲಿ ಆ ಪಕ್ಷಕ್ಕೆ ಸಿಕ್ಕ ಅಪರೂಪದ ಜಯ ಅದು. ಅವರು ಮೈತ್ರಿ ಸರ್ಕಾರದಲ್ಲಿ ಸಚಿವರೂ ಆದರು. 2019ರ ವಿಶ್ವಾಸಮತದ ದಿನ ಸದನಕ್ಕೆ ಬಾರದ್ದಕ್ಕೆ ಪಕ್ಷ ಅವರನ್ನು ಉಚ್ಚಾಟಿಸಿತು, 2021ರಲ್ಲಿ ಅವರು ಬಿಜೆಪಿ ಸೇರಿದರು, 2023ರಲ್ಲಿ ಸೋತರು. ಅವರಿಗೆ ಅವರದೇ ಕಾರಣಗಳಿರಬಹುದು. ಆದರೆ ವರ್ಷಗಟ್ಟಲೆ ಕಟ್ಟಿದ ನಂಬಿಕೆ ಒಬ್ಬ ವ್ಯಕ್ತಿಯ ಮೇಲೆ ಮಾತ್ರ ನಿಂತಿದ್ದರೆ ಏನಾಗುತ್ತದೆ ಎಂಬುದನ್ನು ಕೊಳ್ಳೇಗಾಲ ತೋರಿಸಿತು. ಮೇಲುಕೋಟೆಯಲ್ಲಿ ವ್ಯಕ್ತಿ ಹೋದರೂ ಸಂಘಟನೆ ಉಳಿಯಿತು. ಕೊಡುವ ಮುನ್ನ ನೋಡಬೇಕಾದದ್ದು ಇದನ್ನೇ: ಹಣ ಹೋಗುವುದು ಒಬ್ಬರ ಹೆಸರಿಗೋ, ಅವರ ಹಿಂದಿರುವ ಜನರಿಗೋ?

ಸಣ್ಣ ಹಣ ಎಲ್ಲಿ ದೊಡ್ಡದು?

ಲೋಕಸಭಾ ಅಭ್ಯರ್ಥಿಯೊಬ್ಬರು ನಮ್ಮ ರಾಜ್ಯದಲ್ಲಿ 95 ಲಕ್ಷ, ವಿಧಾನಸಭಾ ಅಭ್ಯರ್ಥಿ 40 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು. ಇದು 2022ರಲ್ಲಿ ಏರಿಸಿದ ಮಿತಿ. ಪಕ್ಷಗಳು ತಾವಾಗಿ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ಹತ್ತಾರು ಲಕ್ಷ ಮತದಾರರ ಲೋಕಸಭಾ ಕ್ಷೇತ್ರದಲ್ಲಿ ಸಾವಿರ ರೂಪಾಯಿ ಕಾಣುವುದೂ ಇಲ್ಲ.

ವಾರ್ಡಿನ ಮಾತು ಬೇರೆ. 2015ರ ಬಿಬಿಎಂಪಿ ಚುನಾವಣೆಯ 198 ವಾರ್ಡುಗಳಲ್ಲಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14 ಗೆದ್ದವು. ಉಳಿದ ಎಂಟು ಪಕ್ಷೇತರರು ಮತ್ತು ಸಣ್ಣ ಪಕ್ಷದ ಪಾಲು. ಅತಿದೊಡ್ಡ ಪಕ್ಷವಾಗಿದ್ದ ಬಿಜೆಪಿಗೆ ಮೇಯರ್ ಹುದ್ದೆ ಸಿಗಲಿಲ್ಲ. ಪಕ್ಷೇತರರ ಬೆಂಬಲದಿಂದ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಅಧಿಕಾರ ಹಿಡಿಯಿತು. ಲೋಕಸಭೆಗೆ ನಿಂತ ಪಕ್ಷೇತರರು ಠೇವಣಿ ಕಳೆದುಕೊಳ್ಳುವ ಇದೇ ನಗರದಲ್ಲಿ ವಾರ್ಡಿಗೆ ನಿಂತ ಪಕ್ಷೇತರರು ಮೇಯರ್ ಯಾರೆಂದು ನಿರ್ಧರಿಸಿದರು.

ಆ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ನಗರ ಆಡಳಿತಾಧಿಕಾರಿಗಳ ಕೈಗೆ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಜಾಗಕ್ಕೆ ಐದು ಪಾಲಿಕೆಗಳು ಬಂದವು, ವಾರ್ಡುಗಳು ಚಿಕ್ಕವಾದವು. ತಲಘಟ್ಟಪುರದಂಥ ನಗರದಂಚಿನ ಪ್ರದೇಶಕ್ಕೆ ಇದರ ಮಹತ್ವ ದೊಡ್ಡದು. ಇಲ್ಲಿ ಕೆರೆ, ರಾಜಕಾಲುವೆ, ಕಾವೇರಿ ನೀರು, ಪಾದಚಾರಿ ಮಾರ್ಗದ ಪ್ರಶ್ನೆಗಳನ್ನು ಸಂಸತ್ತು ಬಗೆಹರಿಸುವುದಿಲ್ಲ. 2021ರಲ್ಲಿ ಪಕ್ಕದ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ ಅದರ ವಿರುದ್ಧ ಬೀದಿಗಿಳಿದದ್ದು ಸುತ್ತಮುತ್ತಲಿನ ಸಾಮಾನ್ಯ ಜನ. ಅಂಥವರಲ್ಲೊಬ್ಬರು ವಾರ್ಡಿಗೆ ನಿಂತರೆ ಕರಪತ್ರ, ಆಟೊ ಪ್ರಚಾರ, ಮತಗಟ್ಟೆ ಏಜೆಂಟರ ಊಟದ ಖರ್ಚಿಗೆ ನೂರು ಮನೆಗಳ ವಂತಿಗೆ ಸಾಕಾದೀತು. ಪಕ್ಷದ ಚಿಹ್ನೆಯಿಲ್ಲದೆ ನಡೆಯುವ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ, ಹುಟ್ಟೂರಿನ ನಂಟು ಉಳಿಸಿಕೊಂಡವರ ಸಣ್ಣ ನೆರವಿಗೆ ಇನ್ನೂ ಹೆಚ್ಚಿನ ಬೆಲೆಯಿದೆ.

ಕಾನೂನು ಏನು ಹೇಳುತ್ತದೆ?

ಲೋಕಸಭೆ, ವಿಧಾನಸಭೆಗಳ ಅಭ್ಯರ್ಥಿ ಚುನಾವಣಾ ವೆಚ್ಚಕ್ಕೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ದೇಣಿಗೆ ಆ ಖಾತೆಗೇ ಹೋಗಬೇಕು, ನಗದು ಬೇಡ. ಫಲಿತಾಂಶ ಬಂದ 30 ದಿನಗಳೊಳಗೆ ಅಭ್ಯರ್ಥಿ ವೆಚ್ಚದ ಲೆಕ್ಕ ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಅಭ್ಯರ್ಥಿಯ ಆಸ್ತಿ, ಸಾಲ, ಕ್ರಿಮಿನಲ್ ಮೊಕದ್ದಮೆಗಳ ಪ್ರಮಾಣಪತ್ರವೂ ಸಾರ್ವಜನಿಕ. ಚುನಾವಣಾ ಸುಧಾರಣೆಗೆ ದುಡಿಯುವ ಎಡಿಆರ್ ಸಂಸ್ಥೆಯ ಕಾನೂನು ಹೋರಾಟದಿಂದ ಸುಪ್ರೀಂ ಕೋರ್ಟ್ 2002–03ರಲ್ಲಿ ದೊರಕಿಸಿಕೊಟ್ಟ ಹಕ್ಕು ಇದು. ಆ ಪ್ರಮಾಣಪತ್ರ ಓದದೆ ಒಂದು ರೂಪಾಯಿಯನ್ನೂ ಕೊಡಬಾರದು.

ಆದಾಯ ತೆರಿಗೆ ಕಾಯ್ದೆ 1961ರ ಸೆಕ್ಷನ್ 80ಜಿಜಿಸಿ ಕೊಟ್ಟ ವಿನಾಯಿತಿ ನೋಂದಾಯಿತ ಪಕ್ಷ ಅಥವಾ ಚುನಾವಣಾ ಟ್ರಸ್ಟಿಗೆ ನಗದಲ್ಲದ ರೂಪದಲ್ಲಿ ಕೊಟ್ಟ ಹಣಕ್ಕೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಪಕ್ಷೇತರ ಅಭ್ಯರ್ಥಿಗೆ ಕೊಟ್ಟರೆ ವಿನಾಯಿತಿ ಇಲ್ಲ. ಇದು ಸಣ್ಣವರ ವಿರುದ್ಧ ಕಾನೂನೇ ತೋರುವ ಪಕ್ಷಪಾತ, ತಿದ್ದುಪಡಿಯಾಗಬೇಕಾದದ್ದು. ವಿದೇಶದಲ್ಲಿರುವ ಕನ್ನಡಿಗರು ಎಚ್ಚರ ವಹಿಸಬೇಕು: ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು, ಬೇರೆ ದೇಶದ ಪೌರತ್ವ ಪಡೆದವರು ಒಸಿಐ ಕಾರ್ಡ್ ಇದ್ದರೂ ಕೊಡುವಂತಿಲ್ಲ. ಅಭ್ಯರ್ಥಿ ವಿದೇಶಿ ದೇಣಿಗೆ ಪಡೆಯುವುದು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ಅಪರಾಧ.

ದೊಡ್ಡವರ ದೇಣಿಗೆಯನ್ನು ಗುಟ್ಟಾಗಿಡುತ್ತಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದುಮಾಡಿತು. ಯಾರ ಹಣದಿಂದ ರಾಜಕೀಯ ನಡೆಯುತ್ತದೆ ಎಂದು ತಿಳಿಯುವುದು ಮತದಾರನ ಹಕ್ಕು ಎಂದಿತು. ಆ ತೀರ್ಪಿಗೆ ಅರ್ಥ ಬರಬೇಕಾದರೆ ದೊಡ್ಡವರ ಗುಟ್ಟಿನ ಹಣದ ಜಾಗವನ್ನು ಸಣ್ಣವರ ಬಹಿರಂಗ ಹಣ ತುಂಬಬೇಕು.

ತೀರ್ಮಾನ

ಇಷ್ಟೆಲ್ಲ ನೋಡಿದ ಮೇಲೆ ನನ್ನ ನಿಲುವು ಹೀಗಿದೆ. ಎರಡು–ಮೂರು ಲಕ್ಷ ಅಂತರದ ಲೋಕಸಭಾ ಕ್ಷೇತ್ರದಲ್ಲಿ, ಹೆಸರಾಂತ ಎದುರಾಳಿಯ ಮೇಲಿನ ಸಿಟ್ಟಿನಿಂದ, ಚುನಾವಣೆಗೆ ವಾರವಿದ್ದಾಗ ಕೊಡುವ ದೇಣಿಗೆ ಬೇಡ. ಅದು ಕೊಟ್ಟವರ ಮನಸ್ಸನ್ನು ಹಗುರ ಮಾಡುತ್ತದೆ, ಕ್ಷೇತ್ರವನ್ನು ಬದಲಿಸುವುದಿಲ್ಲ. ಗೆಲ್ಲುವ ಸಾಧ್ಯತೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಯೋಗ್ಯ ಅಭ್ಯರ್ಥಿಯನ್ನು ಕೈಬಿಡುವುದೂ ಬೇಡ. ಎಲ್ಲರೂ ಹಾಗೆ ಮಾಡಿದರೆ ಭದ್ರಕೋಟೆಗಳು ಎಂದೆಂದಿಗೂ ಭದ್ರವಾಗಿಯೇ ಇರುತ್ತವೆ, ಒಳಗಿರುವವರಿಗೆ ಜನರ ಭಯವೇ ಇರುವುದಿಲ್ಲ.

ಅಭ್ಯರ್ಥಿ ಆ ಊರಿನಲ್ಲಿ ಕೆಲಸ ಮಾಡಿದವರೇ, ಸೋತ ಮರುದಿನವೂ ಅಲ್ಲೇ ಇರುತ್ತಾರೆಯೇ, ಹಿಂದೆ ಸಂಘಟನೆಯಿದೆಯೇ, ಹಣದ ಲೆಕ್ಕವನ್ನು ಜನರ ಮುಂದಿಡುತ್ತಾರೆಯೇ ಎಂದು ಕೇಳಿ. ನಾಲ್ಕಕ್ಕೂ ಹೌದೆಂಬ ಉತ್ತರ ಸಿಕ್ಕರೆ ಕೊಡಿ. ಮನೆಖರ್ಚಿಗೆ ತೊಂದರೆಯಾಗದಷ್ಟು ಕೊಡಿ, ಚುನಾವಣೆ ಘೋಷಣೆಯಾಗುವ ಮೊದಲೇ ಕೊಡಿ, ವಾರ್ಡು ಪಂಚಾಯಿತಿಗಳಿಗೆ ಮೊದಲು ಕೊಡಿ, ಫಲಿತಾಂಶ ಬಂದ ಮೇಲೆ ಲೆಕ್ಕ ಕೇಳಿ. ಹಣವಿಲ್ಲದವರು ಒಂದು ದಿನ ಮತಗಟ್ಟೆಯಲ್ಲಿ ಏಜೆಂಟರಾಗಿ ಕುಳಿತುಕೊಳ್ಳಿ. ಅದೂ ದೇಣಿಗೆಯೇ, ಅನೇಕ ಸಲ ಹಣಕ್ಕಿಂತ ದೊಡ್ಡದು.